ಕೀಲಿ ಒತ್ತಿದರೂ ಅಕ್ಷರ ತಡವೇಕೆ? ಗಣಿತ ಬರಹದ ತಂತ್ರಾಂಶಗಳ ವೇಗದ ಒಳಗುಟ್ಟು

ಗಣಿತ, ಭೌತವಿಜ್ಞಾನ ಹಾಗೂ ಎಂಜಿನಿಯರಿಂಗ್ ವಿಷಯಗಳಲ್ಲಿ ಪ್ರಬಂಧ ಬರೆಯುವವರಿಗೆ ಪರಿಚಿತವಾದ ತೊಂದರೆಯೊಂದಿದೆ. ಬರಹ ಹತ್ತು ಪುಟವಿದ್ದಾಗ ಚುರುಕಾಗಿ ಓಡುತ್ತಿದ್ದ ತಂತ್ರಾಂಶ, ನೂರು ಪುಟ ದಾಟುವ ಹೊತ್ತಿಗೆ ಏದುಸಿರು ಬಿಡತೊಡಗುತ್ತದೆ. ಕೀಲಿ ಒತ್ತಿ ಅರೆಕ್ಷಣ ಕಾದ ಮೇಲಷ್ಟೇ ಅಕ್ಷರ ಪರದೆಯ ಮೇಲೆ ಮೂಡುತ್ತದೆ. ಹೊಸ ಗಣಕಯಂತ್ರ ಕೊಂಡರೆ ಎಲ್ಲವೂ ಸರಿಹೋದೀತೆಂದು ಹಲವರು ಭಾವಿಸುತ್ತಾರೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ದೋಷ ಯಂತ್ರದ್ದಲ್ಲ. ಒಂದೇ ಒಂದು ಅಕ್ಷರವನ್ನು ತೋರಿಸುವ ಮುನ್ನ ತಂತ್ರಾಂಶವು ತನ್ನ ಹೆಗಲಿಗೆ ಹೇರಿಕೊಳ್ಳುವ ಕೆಲಸದ್ದು. ಈಗಲೇ ಆಗಬೇಕಾದ ಕೆಲಸ ಯಾವುದು, ಕಾಯಬಹುದಾದ ಕೆಲಸ ಯಾವುದು ಎಂಬ ವಿಂಗಡಣೆಯಲ್ಲೇ ಈ ವಿಳಂಬದ ಪರಿಹಾರ ಅಡಗಿದೆ.

ಗಣಿತದ ಸೂತ್ರವನ್ನು ಸಂಕೇತಗಳ ಸಾಲಾಗಿ ಬರೆಯದೆ, ಅಚ್ಚಿನಲ್ಲಿ ಕಾಣುವ ರೂಪದಲ್ಲೇ ಪರದೆಯ ಮೇಲೆ ಬರೆದು ತಿದ್ದಲು ಅವಕಾಶ ನೀಡುವ ತಂತ್ರಾಂಶಗಳನ್ನು ದೃಶ್ಯ ಸಂಪಾದಕಗಳೆಂದು ಕರೆಯಬಹುದು. ಲಿಕ್ಸ್, ಟೆಕ್‌ಮ್ಯಾಕ್ಸ್, 2007ರ ಆವೃತ್ತಿಯಿಂದೀಚೆಗೆ ಮೈಕ್ರೋಸಾಫ್ಟ್ ವರ್ಡ್‌ನೊಳಗೇ ಇರುವ ಸಮೀಕರಣ ಸೌಲಭ್ಯ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇಂತಹ ತಂತ್ರಾಂಶಗಳಲ್ಲಿ ವಿಳಂಬ ಕೇವಲ ಕಿರಿಕಿರಿಯಲ್ಲ, ತಪ್ಪಿಗೂ ದಾರಿ.

ಉದಾಹರಣೆಗೆ, ಲಿಕ್ಸ್‌ನಲ್ಲಿ ‘ಎಕ್ಸ್‌ನ ವರ್ಗ ಕೂಡಿಸು ಒಂದು’ ಎಂದು ಬರೆಯುವಾಗ, ಘಾತದ ಜಾಗದಲ್ಲಿ 2 ಎಂದು ಒತ್ತಿ, ನಂತರ ಸ್ಪೇಸ್ ಕೀಲಿಯಿಂದ ಆ ಜಾಗದ ಹೊರಗೆ ಬರಬೇಕು. ಪರದೆ ಹಿಂದೆ ಬಿದ್ದಿದ್ದರೆ, ಹೊರಬಂದೆನೋ ಇಲ್ಲವೋ ಎಂಬುದು ಬರೆಯುವವರಿಗೆ ಕಾಣುವುದಿಲ್ಲ. ಹೊರಬಂದೆನೆಂದು ಭಾವಿಸಿ ಮುಂದುವರಿದರೆ ಕೂಡಿಸುವ ಒಂದು ಘಾತದೊಳಕ್ಕೇ ಸೇರಿ, ವರ್ಗವಿದ್ದದ್ದು ಘನವಾಗುತ್ತದೆ. ಎಕ್ಸ್‌ನ ಬೆಲೆ 10 ಆದರೆ ಉತ್ತರ 101ರ ಬದಲು 1000. ಹೊರಬಂದಿಲ್ಲವೆಂದು ಭಾವಿಸಿ ಸ್ಪೇಸ್ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ಸೂತ್ರದಿಂದಲೇ ಹೊರಬಿದ್ದು, ಉಳಿದ ಭಾಗ ಸಾಮಾನ್ಯ ಪಠ್ಯದಲ್ಲಿ ಸೇರುತ್ತದೆ. ಸಾಮಾನ್ಯ ಪದದ ತಪ್ಪನ್ನು ಕಾಗುಣಿತ ಪರೀಕ್ಷಕ ಹಿಡಿಯಬಲ್ಲದು. ಇಂತಹ ತಪ್ಪನ್ನು ಹಿಡಿಯಲು ಮನುಷ್ಯನ ಕಣ್ಣೇ ಬೇಕು.

ನೂರು ಮಿಲಿಸೆಕೆಂಡಿನ ಗೆರೆ

ಗಣಕ ಎಷ್ಟು ಬೇಗ ಪ್ರತಿಕ್ರಿಯಿಸಬೇಕು ಎಂಬ ಪ್ರಶ್ನೆ ಹಳೆಯದು. 1968ರಲ್ಲಿ ರಾಬರ್ಟ್ ಮಿಲ್ಲರ್ ಅವರು ಮನುಷ್ಯ ಮತ್ತು ಗಣಕಗಳ ಸಂವಾದದ ಕುರಿತ ಪ್ರಬಂಧದಲ್ಲಿ, ಕೀಲಿ ಒತ್ತಿದ್ದಕ್ಕೆ ಸಿಗುವ ಪ್ರತಿಕ್ರಿಯೆಯು ಸುಮಾರು 0.1 ಸೆಕೆಂಡಿನ ಆಸುಪಾಸಿನಲ್ಲಿರಬೇಕೆಂದು ಸೂಚಿಸಿದ್ದರು. 1993ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಜೇಕಬ್ ನೀಲ್ಸನ್ ಅವರು ಇದೇ 0.1 ಸೆಕೆಂಡನ್ನು, ಬಳಕೆದಾರರಿಗೆ ‘ತಕ್ಷಣ ಆಯಿತು’ ಎನಿಸುವ ಮಿತಿಯಾಗಿ ಗುರುತಿಸಿದರು. ಒಂದು ಸೆಕೆಂಡಿನೊಳಗಾದರೆ ಯೋಚನೆಯ ಎಳೆ ತುಂಡಾಗದು, ಹತ್ತು ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೊರಳುತ್ತದೆ ಎಂಬುದು ಅವರ ವಿವರಣೆ.

ಬೆರಳಚ್ಚಿನಲ್ಲಿ ಇನ್ನೊಂದು ಸಮಸ್ಯೆ ಸೇರಿಕೊಳ್ಳುತ್ತದೆ. ವಿಳಂಬ ಬೆಳೆಯುತ್ತಾ ಹೋಗಬಲ್ಲದು. ಪದವೊಂದಕ್ಕೆ ಐದು ಕೀಲಿಗಳಂತೆ ನಿಮಿಷಕ್ಕೆ 60 ಪದಗಳ ವೇಗದಲ್ಲಿ ಬೆರಳಚ್ಚು ಮಾಡುವವರು ಪ್ರತಿ 200 ಮಿಲಿಸೆಕೆಂಡಿಗೊಮ್ಮೆ ಒಂದು ಕೀಲಿ ಒತ್ತುತ್ತಾರೆ. ಪ್ರತಿ ಕೀಲಿಗೆ ತಂತ್ರಾಂಶ 300 ಮಿಲಿಸೆಕೆಂಡು ತೆಗೆದುಕೊಂಡರೆ, ಒಂದೊಂದು ಕೀಲಿಗೂ 100 ಮಿಲಿಸೆಕೆಂಡು ಬಾಕಿ ಉಳಿಯುತ್ತದೆ. ಹತ್ತು ಕೀಲಿಗಳಾಗುವಷ್ಟರಲ್ಲಿ ಈ ಬಾಕಿ ಒಂದು ಸೆಕೆಂಡನ್ನು ಮುಟ್ಟುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರ ಕೆಲಸ ಮುಗಿಯುವ ಮುನ್ನವೇ ಮತ್ತೊಬ್ಬರು ಬಂದು ನಿಲ್ಲುತ್ತಿದ್ದರೆ ಸಾಲು ಉದ್ದವಾಗುವಂತೆಯೇ ಇದು. ಹೀಗಾಗಿ ಒಂದೊಂದು ಕೀಲಿಯ ಕೆಲಸವೂ ಮುಂದಿನ ಕೀಲಿ ಬರುವುದರೊಳಗೆ ಮುಗಿಯಲೇಬೇಕು.

ಈ ಅವಧಿಯೂ ಪೂರ್ತಿಯಾಗಿ ತಂತ್ರಾಂಶದ ಕೈಗೆ ಸಿಗುವುದಿಲ್ಲ. ಯುಎಸ್‌ಬಿ ಕೀಲಿಮಣೆಗಳನ್ನು ಗಣಕ ಸಾಮಾನ್ಯವಾಗಿ 8 ಮಿಲಿಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 16.7 ಮಿಲಿಸೆಕೆಂಡುಗಳ ಅಂತರವಿರುತ್ತದೆ. ಆಪರೇಟಿಂಗ್ ಸಿಸ್ಟಂ ತನ್ನ ಪಾಲನ್ನು ಸೇರಿಸುತ್ತದೆ. ಇವೆಲ್ಲ ಸೇರಿ ಕೆಲವು ಹತ್ತು ಮಿಲಿಸೆಕೆಂಡುಗಳು ಹಾದಿಯಲ್ಲೇ ಖರ್ಚಾಗುತ್ತವೆ. ಉಳಿದದ್ದಷ್ಟೇ ಸಂಪಾದಕದ ಪಾಲು.

ಗಣಿತ ಬರಹದ ವಿಶೇಷ ಹೊರೆ

ಸಾದಾ ಪಠ್ಯವನ್ನು ತೋರಿಸುವುದು ಇಂದಿನ ಗಣಕಗಳಿಗೆ ಅಂತಹ ಕಷ್ಟದ ಕೆಲಸವಲ್ಲ. ಗಣಿತ ಬರಹದಲ್ಲಿ ಮೂರು ಕಾರಣಗಳಿಂದ ಹೊರೆ ಹೆಚ್ಚುತ್ತದೆ.

ಮೊದಲನೆಯದು ಸಾಲು ಮುರಿಯುವ ಲೆಕ್ಕಾಚಾರ. ಗಣಿತ ಮುದ್ರಣದ ಇಂದಿನ ಮಾನದಂಡವೆನಿಸಿದ ಟೆಕ್ ವ್ಯವಸ್ಥೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ ರೂಪಿಸಿದರು. ತಮ್ಮ ಗ್ರಂಥಮಾಲೆಯ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕಂಡು ಬೇಸರಗೊಂಡ ಅವರು 1977ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನದಂತೆ, ಟೆಕ್ ಒಂದೊಂದೇ ಸಾಲನ್ನು ತುಂಬಿಸುತ್ತಾ ಹೋಗುವುದಿಲ್ಲ. ಇಡೀ ಪ್ಯಾರಾವನ್ನು ಒಟ್ಟಾಗಿ ನೋಡಿ, ಪದಗಳ ನಡುವಿನ ಅಂತರ ಎಲ್ಲ ಸಾಲುಗಳಲ್ಲೂ ಹದವಾಗಿರುವಂತೆ ಸಾಲುಗಳನ್ನು ಮುರಿಯುತ್ತದೆ. ಪರಿಣಾಮವಾಗಿ, ಪ್ಯಾರಾದ ಕೊನೆಯಲ್ಲಿ ಸೇರಿಸಿದ ಒಂದು ಪದ ಅದರ ಮೊದಲ ಸಾಲನ್ನೂ ಬದಲಿಸಬಹುದು. ಮುದ್ರಣ ಸುಂದರವಾಗುತ್ತದೆ, ಆದರೆ ಲೆಕ್ಕ ಹಿಗ್ಗುತ್ತದೆ.

ಎರಡನೆಯದು ಸೂತ್ರದ ರಚನೆ. ಗಣಿತದ ಸೂತ್ರವೆಂದರೆ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ. ಭಿನ್ನರಾಶಿಯ ಛೇದದೊಳಗೆ ವರ್ಗಮೂಲ, ವರ್ಗಮೂಲದೊಳಗೆ ಘಾತ, ಎಲ್ಲವನ್ನೂ ಸುತ್ತುವರಿದ ದೊಡ್ಡ ಆವರಣ ಚಿಹ್ನೆ. ಅತಿ ಒಳಗಿನ ಅಂಕಿಯೊಂದು ಬದಲಾದರೆ ವರ್ಗಮೂಲದ ಗೆರೆ ಉದ್ದವಾಗಬೇಕು, ಭಿನ್ನರಾಶಿಯ ಅಡ್ಡಗೆರೆ ಹಿಗ್ಗಬೇಕು, ಆವರಣ ಚಿಹ್ನೆ ಎತ್ತರವಾಗಬೇಕು. ಸಾಲಿನ ಎತ್ತರವೇ ಬದಲಾದರೆ ಅದರ ಕೆಳಗಿನ ಎಲ್ಲ ಸಾಲುಗಳೂ ಜರುಗಬೇಕು.

ಮೂರನೆಯದು ದೂರದ ನಂಟುಗಳು. ಸಮೀಕರಣಗಳಿಗೆ ಕ್ರಮಸಂಖ್ಯೆ ಇರುತ್ತದೆ. ನಡುವೆ ಹೊಸ ಸಮೀಕರಣ ಸೇರಿಸಿದರೆ ಮುಂದಿನವುಗಳ ಸಂಖ್ಯೆ ಬದಲಾಗುತ್ತದೆ. ‘ಸಮೀಕರಣ 14ನ್ನು ನೋಡಿ’ ಎಂಬ ಉಲ್ಲೇಖಗಳೆಲ್ಲ ತಿದ್ದಿಕೊಳ್ಳಬೇಕಾಗುತ್ತದೆ. ಟೆಕ್‌ನ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲಾಟೆಕ್ ವ್ಯವಸ್ಥೆಯಲ್ಲಿ ಈ ಉಲ್ಲೇಖಗಳು ಸರಿಹೋಗಲು ಕಡತವನ್ನು ಒಂದಕ್ಕಿಂತ ಹೆಚ್ಚು ಬಾರಿ ಸಂಸ್ಕರಿಸಬೇಕಾಗುವುದು ಇದೇ ಕಾರಣಕ್ಕೆ. ಇಷ್ಟನ್ನೂ ಪ್ರತಿ ಕೀಲಿಗೆ ಮಾಡಹೊರಟರೆ ಯಾವ ಗಣಕವೂ ತಾಳಲಾರದು.

ಒಂದೇ ಸಮಸ್ಯೆ, ಬೇರೆ ಬೇರೆ ದಾರಿ

ಲಿಕ್ಸ್ ತಂತ್ರಾಂಶವನ್ನು 1995ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಆರಂಭಿಸಿದರು. ಮರುವರ್ಷ ಲಿನಕ್ಸ್‌ಗಾಗಿ ಕೆಡಿಇ ಯೋಜನೆ ಹುಟ್ಟುಹಾಕಿದವರೂ ಅವರೇ. ಅಚ್ಚಿನಲ್ಲಿ ಬರುವುದನ್ನು ಪರದೆಯ ಮೇಲೆ ಯಥಾವತ್ತಾಗಿ ತೋರಿಸುವ ಹಟವನ್ನು ಲಿಕ್ಸ್ ಹಿಡಿಯಲಿಲ್ಲ. ಬರಹದ ರಚನೆಯನ್ನಷ್ಟೇ ಕಣ್ಣಿಗೆ ಅರ್ಥವಾಗುವಂತೆ ತೋರಿಸಿ, ಪುಟದ ನಿಖರ ವಿನ್ಯಾಸವನ್ನು ಲಾಟೆಕ್‌ಗೆ ಬಿಟ್ಟಿತು. ಸಾಮಾನ್ಯ ಅಕ್ಷರವೊಂದನ್ನು ಬರೆದಾಗ ಅದು ಬಹುತೇಕ ಆ ಪ್ಯಾರಾವನ್ನಷ್ಟೇ ಮತ್ತೆ ಜೋಡಿಸುತ್ತದೆ. ಸೂತ್ರದ ನಿಖರ ರೂಪ ನೋಡಬಯಸುವವರಿಗೆ ‘ಇನ್‌ಸ್ಟಂಟ್ ಪ್ರಿವ್ಯೂ’ ಸೌಲಭ್ಯವಿದೆ. ಬರೆಯುವಾಗ ಸರಳ ರೂಪ ಕಾಣುತ್ತದೆ. ಕರ್ಸರ್ ಸೂತ್ರದಿಂದ ಹೊರಬಂದ ಮೇಲೆ ಲಾಟೆಕ್ ಹಿನ್ನೆಲೆಯಲ್ಲಿ ಕೆಲಸ ಮಾಡಿ, ಸಿದ್ಧಗೊಂಡ ಚಿತ್ರವನ್ನು ಆ ಜಾಗದಲ್ಲಿ ಕೂರಿಸುತ್ತದೆ.

ಡಚ್ ಗಣಿತಜ್ಞ ಯೋರಿಸ್ ವಾನ್ ಡೆರ್ ಹೂವನ್ ರೂಪಿಸಿದ ಟೆಕ್‌ಮ್ಯಾಕ್ಸ್ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಹೆಸರಿನಲ್ಲಿ ಟೆಕ್ ಇದ್ದರೂ ಅದು ಟೆಕ್ ವ್ಯವಸ್ಥೆಯನ್ನು ಬಳಸುವುದಿಲ್ಲ. ತನ್ನದೇ ಅಕ್ಷರಜೋಡಣೆಯ ಯಂತ್ರಾಂಗವನ್ನು ಹೊಂದಿದ್ದು, ಮುದ್ರಣ ಗುಣಮಟ್ಟದ ಪುಟವನ್ನೇ ಬರೆಯುತ್ತಿರುವಾಗ ತೋರಿಸುತ್ತದೆ. ಇದು ಸಾಧ್ಯವಾಗಬೇಕಾದರೆ ಬದಲಾಗದ ಭಾಗಗಳನ್ನು ಮತ್ತೆ ಜೋಡಿಸಬಾರದು. ಹೀಗಾಗಿ ಬರಹದ ಒಂದೊಂದು ಭಾಗಕ್ಕೂ ಹಿಂದೆ ಸಿದ್ಧಪಡಿಸಿದ ಪೆಟ್ಟಿಗೆಗಳನ್ನು ಅದು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ.

ಬ್ರಿಟನ್ನಿನಲ್ಲಿ 2012ರಲ್ಲಿ ರೈಟ್‌ಲಾಟೆಕ್ ಎಂಬ ಹೆಸರಿನಿಂದ ಆರಂಭವಾದ ಓವರ್‌ಲೀಫ್ ಸೇವೆಯದು ಮೂರನೆಯ ದಾರಿ. ಬರವಣಿಗೆ ಬಳಕೆದಾರರ ಬ್ರೌಸರ್‌ನಲ್ಲಿ ನಡೆಯುತ್ತದೆ, ಪುಟ ಸಿದ್ಧಪಡಿಸುವ ಭಾರವಾದ ಕೆಲಸ ದೂರದ ಸರ್ವರ್‌ನಲ್ಲಿ ಆಗುತ್ತದೆ. ಸರ್ವರ್ ನಿಧಾನಿಸಿದರೂ ಅಕ್ಷರ ಮೂಡುವುದು ತಡವಾಗಬೇಕಿಲ್ಲ.

ಇನ್ನೂ ಕೆಲವರು ಸಂಸ್ಕರಣೆಯನ್ನೇ ವೇಗಗೊಳಿಸಲು ಯತ್ನಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ 1980ರ ದಶಕದಲ್ಲಿ ಮೈಕೆಲ್ ಹ್ಯಾರಿಸನ್ ನೇತೃತ್ವದಲ್ಲಿ ನಡೆದ ವೋರ್ಟೆಕ್ ಯೋಜನೆ ಅಂತಹದು. ಟೆಕ್‌ನ ಆಗಿನ ಸ್ಥಿತಿಯನ್ನು ಪುಟದಿಂದ ಪುಟಕ್ಕೆ ಕಾಯ್ದಿರಿಸಿ, ತಿದ್ದುಪಡಿಯಾದ ಪುಟದಿಂದಷ್ಟೇ ಕೆಲಸ ಮುಂದುವರಿಸುವುದು ಅದರ ಉಪಾಯವಾಗಿತ್ತು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಯತ್ನವಾಗಿ ಬೆಳೆದು, 2023ರ ಮಾರ್ಚ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಟೈಪ್ಸ್ಟ್ ಇದೇ ಆಲೋಚನೆಯನ್ನು ಬುನಾದಿಯಲ್ಲೇ ಇಟ್ಟುಕೊಂಡಿದೆ. ಹಿಂದಿನ ಲೆಕ್ಕಗಳ ಫಲಿತಾಂಶಗಳನ್ನು ಉಳಿಸಿಕೊಂಡು, ಬದಲಾದಷ್ಟನ್ನು ಮಾತ್ರ ಅದು ಮತ್ತೆ ಲೆಕ್ಕ ಹಾಕುತ್ತದೆ.

ವಿಳಂಬ ತಗ್ಗಿಸುವ ಉಪಾಯಗಳು

ದಾರಿಗಳು ಬೇರೆಯಾದರೂ ತಂತ್ರಾಂಶ ತಜ್ಞರು ಬಳಸುವ ಉಪಾಯಗಳಲ್ಲಿ ಕೆಲವು ಸಮಾನ ಅಂಶಗಳಿವೆ.

* ಪಠ್ಯವನ್ನು ಇಡುವ ಕ್ರಮ: ಇಡೀ ಪಠ್ಯವನ್ನು ಒಂದೇ ಉದ್ದ ಸಾಲಾಗಿ ಇಟ್ಟರೆ, ನಡುವೆ ಒಂದು ಅಕ್ಷರ ಸೇರಿಸಲು ಮುಂದಿನದ್ದೆಲ್ಲವನ್ನೂ ಸರಿಸಬೇಕು. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ 1974ರಲ್ಲಿ ಸಿದ್ಧವಾದ ಬ್ರಾವೋ ಸಂಪಾದಕ ಇದಕ್ಕೊಂದು ಪರಿಹಾರ ಬಳಸಿತು. ಮೂಲ ಪಠ್ಯವನ್ನು ಮುಟ್ಟದೆ, ಹೊಸ ಪಠ್ಯವನ್ನು ಬೇರೆಡೆ ಇಟ್ಟು, ಯಾವ ತುಣುಕು ಯಾವುದರ ನಂತರ ಬರಬೇಕೆಂಬ ಪಟ್ಟಿಯನ್ನಷ್ಟೇ ತಿದ್ದುವುದು ಆ ಕ್ರಮ. ಬ್ರಾವೋ ಬರೆದವರಲ್ಲಿ ಒಬ್ಬರಾದ ಚಾರ್ಲ್ಸ್ ಸಿಮೋನಿ ಮುಂದೆ ಮೈಕ್ರೋಸಾಫ್ಟ್ ಸೇರಿದರು, ವರ್ಡ್ ಕೂಡ ಇದೇ ಕ್ರಮ ಅನುಸರಿಸಿತು. ವಿಷುಯಲ್ ಸ್ಟುಡಿಯೋ ಕೋಡ್ 2018ರಲ್ಲಿ ಇದರ ಸುಧಾರಿತ ರೂಪಕ್ಕೆ ಬದಲಾಯಿತು.

* ಬೇಗ ನಿಲ್ಲಿಸುವುದು: ಸೂತ್ರದ ಒಳಗಿನ ಅಂಕಿ 3ರಿಂದ 5ಕ್ಕೆ ಬದಲಾದರೆ ಅದರ ಅಗಲ, ಎತ್ತರ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಪೆಟ್ಟಿಗೆಯ ಅಳತೆ ಬದಲಾಗಿಲ್ಲವೆಂದು ತಿಳಿದ ಕೂಡಲೇ ಹೊರಗಿನ ಪೆಟ್ಟಿಗೆಗಳ ಅಳತೆಯನ್ನು ಮತ್ತೆ ಲೆಕ್ಕ ಹಾಕುವ ಅಗತ್ಯವಿಲ್ಲ.

* ಕಾಣುವಷ್ಟನ್ನೇ ಬಿಡಿಸುವುದು: ಇನ್ನೂರು ಪುಟದ ಬರಹದಲ್ಲಿ ಪರದೆಯ ಮೇಲೆ ಒಮ್ಮೆಗೆ ಕಾಣುವುದು ಒಂದೆರಡು ಪುಟ. ಉಳಿದದ್ದನ್ನು ಓದುಗರು ಅಲ್ಲಿಗೆ ಹೋದಾಗ ಸಿದ್ಧಪಡಿಸಿದರೆ ಸಾಕು.

* ಮುಂದೂಡುವುದು: ಸಮೀಕರಣದ ಸಂಖ್ಯೆ, ಪರಿವಿಡಿ, ಕಾಗುಣಿತ ಪರೀಕ್ಷೆಗಳನ್ನು ಬರೆಯುವವರು ಕೈ ತಡೆದ ಕ್ಷಣಕ್ಕೆ ಮುಂದೂಡಬಹುದು. ಪರಿವಿಡಿ ಅರ್ಧ ಸೆಕೆಂಡು ತಡವಾಗಿ ಬದಲಾದರೆ ಯಾರಿಗೂ ನಷ್ಟವಿಲ್ಲ.

* ಕೈಬಿಡುವುದು: ಹಿನ್ನೆಲೆಯ ಲೆಕ್ಕ ನಡೆಯುತ್ತಿರುವಾಗ ಹೊಸ ಕೀಲಿ ಬಂದರೆ, ಹಳೆಯ ಲೆಕ್ಕದ ಫಲಿತಾಂಶಕ್ಕೆ ಬೆಲೆಯಿಲ್ಲ. ಅದನ್ನು ಅರ್ಧದಲ್ಲೇ ನಿಲ್ಲಿಸುವ ವ್ಯವಸ್ಥೆ ಇಲ್ಲದಿದ್ದರೆ, ಯಾರೂ ನೋಡದ ಫಲಿತಾಂಶಕ್ಕಾಗಿ ಬರೆಯುವವರು ಕಾಯಬೇಕಾಗುತ್ತದೆ.

ಬ್ರೌಸರ್‌ಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಅಲ್ಲಿ ಪುಟದ ಜಾವಾಸ್ಕ್ರಿಪ್ಟ್ ಕೆಲಸ ಮತ್ತು ಕೀಲಿಗಳ ನಿರ್ವಹಣೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ನಡೆಯುತ್ತವೆ. ಒಂದು ನಿಧಾನಿಸಿದರೆ ಇನ್ನೊಂದು ಕಾಯುತ್ತದೆ. ಬ್ರೌಸರ್‌ನಲ್ಲಿ ಸೂತ್ರ ತೋರಿಸುವ ಮ್ಯಾತ್‌ಜ್ಯಾಕ್ಸ್ 2010ರಲ್ಲಿ ಬಳಕೆಗೆ ಬಂದು ಜನಪ್ರಿಯವಾಯಿತಾದರೂ, ಸೂತ್ರಗಳು ಹೆಚ್ಚಿದ್ದ ಪುಟಗಳಲ್ಲಿ ನಿಧಾನ ಎಂಬ ದೂರು ಇತ್ತು. ಖಾನ್ ಅಕಾಡೆಮಿ 2014ರಲ್ಲಿ ವೇಗವನ್ನೇ ಮುಖ್ಯ ಗುರಿಯಾಗಿಸಿ ಕೆಟೆಕ್ ಹೊರತಂದಿತು. ಮ್ಯಾತ್‌ಜ್ಯಾಕ್ಸ್ ಕೂಡ 2019ರ ಮೂರನೆಯ ಆವೃತ್ತಿಯಲ್ಲಿ ಹೊಸದಾಗಿ ಬರೆಯಲ್ಪಟ್ಟು ಚುರುಕಾಯಿತು.

ಕನ್ನಡದಲ್ಲಿ ಬರೆಯುವಾಗ

ಗಣಿತದ ಪಾಠವನ್ನು ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಹಂತ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೊಸ ಅಕ್ಷರ ಸಾಮಾನ್ಯವಾಗಿ ಹಿಂದಿನದರ ಪಕ್ಕ ಬಂದು ಕೂರುತ್ತದೆ. ಕನ್ನಡದಲ್ಲಿ ಹೊಸ ಕೀಲಿಯು ಈಗಾಗಲೇ ಮೂಡಿದ ರೂಪವನ್ನೇ ಬದಲಿಸಬಲ್ಲದು. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತಗಳು. ‘ತರ್ಕ’ ಎಂಬಲ್ಲಿ ರಕಾರವನ್ನು ಮೊದಲು ಒತ್ತಿದರೂ ಅರ್ಕಾವತ್ತು ಕಾಣುವುದು ಕಕಾರದ ನಂತರ. ಹೀಗಾಗಿ ಪ್ರತಿ ಕೀಲಿಗೂ ಆ ಅಕ್ಷರಗುಚ್ಛವನ್ನು ಮತ್ತೆ ರೂಪಿಸಬೇಕಾಗುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಹಾಗೂ ಟೆಕ್‌ನ ಯೂನಿಕೋಡ್ ರೂಪವಾದ ಜೀಟೆಕ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ ಭಾಗ.

ಈ ಕೆಲಸ ತಾನಾಗಿ ನಿಧಾನದ್ದಲ್ಲ. ಆದರೆ ಸಂಪಾದಕವು ಬದಲಾದ ಪದವನ್ನಷ್ಟೇ ಕೊಡುವ ಬದಲು ಇಡೀ ಪ್ಯಾರಾವನ್ನು ಪ್ರತಿ ಬಾರಿಯೂ ಅದಕ್ಕೆ ಒಪ್ಪಿಸಿದರೆ ವಿಳಂಬ ಕಣ್ಣಿಗೆ ಬೀಳುತ್ತದೆ. ರೂಪಿಸಿದ ಪದಗಳನ್ನು ನೆನಪಿನಲ್ಲಿಟ್ಟು ಮರುಬಳಸುವುದೇ ಇದಕ್ಕೆ ಮದ್ದು.

ಬಳಕೆದಾರರು ಏನು ಮಾಡಬಹುದು?

ಮೊದಲು ವಿಳಂಬವನ್ನು ಅಳೆಯುವುದು ಒಳಿತು. ಸೆಕೆಂಡಿಗೆ 240 ಚಿತ್ರಗಳನ್ನು ಸೆರೆಹಿಡಿಯುವ ಮೊಬೈಲ್ ಕ್ಯಾಮೆರಾ ಇದ್ದರೆ, ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ, ಕೀಲಿ ಕೆಳಗಿಳಿದ ಚಿತ್ರದಿಂದ ಅಕ್ಷರ ಮೂಡಿದ ಚಿತ್ರದವರೆಗೆ ಎಣಿಸಬಹುದು. ಒಂದೊಂದು ಚಿತ್ರಕ್ಕೆ ಸುಮಾರು 4.2 ಮಿಲಿಸೆಕೆಂಡು. 24 ಚಿತ್ರಗಳೆಂದರೆ 100 ಮಿಲಿಸೆಕೆಂಡು. ಇದೇ ಪರೀಕ್ಷೆಯನ್ನು ಖಾಲಿ ಕಡತದಲ್ಲೂ ಮಾಡಿ ಹೋಲಿಸಬೇಕು. ಎರಡರಲ್ಲೂ ವಿಳಂಬ ಒಂದೇ ಇದ್ದರೆ ಯಂತ್ರ ಅಥವಾ ತಂತ್ರಾಂಶದ ಸ್ಥಾಪನೆಯತ್ತ ನೋಡಬೇಕು. ದೊಡ್ಡ ಕಡತದಲ್ಲಿ ಮಾತ್ರ ಹೆಚ್ಚಿದ್ದರೆ ಕೆಳಗಿನ ಕ್ರಮಗಳು ನೆರವಾಗಬಹುದು.

* ಬರಹವನ್ನು ಅಧ್ಯಾಯಗಳಾಗಿ ಬೇರೆ ಬೇರೆ ಕಡತಗಳಲ್ಲಿ ಇಟ್ಟು, ಒಂದು ಮುಖ್ಯ ಕಡತದಿಂದ ಜೋಡಿಸುವುದು. ಲಿಕ್ಸ್‌ನಲ್ಲಿ ಇದಕ್ಕೆ ‘ಚೈಲ್ಡ್ ಡಾಕ್ಯುಮೆಂಟ್’ ಸೌಲಭ್ಯವಿದೆ. ಲಾಟೆಕ್‌ನಲ್ಲಿ ‘ಇನ್‌ಕ್ಲೂಡ್‌ಓನ್ಲಿ’ ಆದೇಶ ಬಳಸಿ ಆಯ್ದ ಅಧ್ಯಾಯವನ್ನಷ್ಟೇ ಸಂಸ್ಕರಿಸಬಹುದು.

* ಲಿಕ್ಸ್‌ನ ಪ್ರಿಫರೆನ್ಸಸ್‌ನಲ್ಲಿ ‘ಇನ್‌ಸ್ಟಂಟ್ ಪ್ರಿವ್ಯೂ’ ಮತ್ತು ನಿರಂತರ ಕಾಗುಣಿತ ಪರೀಕ್ಷೆಗಳನ್ನು ಬರವಣಿಗೆ ಮುಗಿಯುವವರೆಗೆ ಆಫ್ ಮಾಡುವುದು. ಲಾಟೆಕ್ ಸಂಕೇತವನ್ನು ಪಕ್ಕದಲ್ಲಿ ತೋರಿಸುವ ಕಿಂಡಿ ಮತ್ತು ಪರಿವಿಡಿಯ ಕಿಂಡಿಗಳನ್ನು ಬೇಡದಾಗ ಮುಚ್ಚುವುದು.

* ಪುಟಗಟ್ಟಲೆ ಉದ್ದದ ಪ್ಯಾರಾಗಳನ್ನು ಒಡೆಯುವುದು. ಪ್ಯಾರಾ ಆಧಾರದ ಮೇಲೆ ಕೆಲಸ ಮಾಡುವ ಸಂಪಾದಕಗಳಲ್ಲಿ ಇದರ ಪರಿಣಾಮ ಹೆಚ್ಚು.

* ದೊಡ್ಡ ಚಿತ್ರಗಳನ್ನು ಪರದೆಯ ಮೇಲೆ ತೋರಿಸದಿರುವುದು. ಲಾಟೆಕ್ ಸಂಕೇತಗಳಿಂದಲೇ ಬರೆದ ರೇಖಾಚಿತ್ರಗಳನ್ನು ಒಮ್ಮೆ ಪಿಡಿಎಫ್ ಆಗಿ ಉಳಿಸಿಕೊಂಡು ಮರುಬಳಸುವುದು.

* ಓವರ್‌ಲೀಫ್‌ನಲ್ಲಿ ತಾನಾಗಿ ಸಂಸ್ಕರಿಸುವ ಆಯ್ಕೆಯನ್ನು ನಿಲ್ಲಿಸುವುದು, ಚಿತ್ರಗಳನ್ನು ಬಿಟ್ಟು ಸಂಸ್ಕರಿಸುವ ‘ಡ್ರಾಫ್ಟ್’ ವಿಧಾನ ಬಳಸುವುದು. ವರ್ಡ್‌ನಲ್ಲಿಯೂ ಪುಟವಿನ್ಯಾಸ ತೋರಿಸದ ಡ್ರಾಫ್ಟ್ ನೋಟವಿದೆ.

ಒಂದೊಂದು ಬದಲಾವಣೆ ಮಾಡಿದ ಮೇಲೆಯೂ ಮತ್ತೆ ಅಳೆದು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ನಿಜವಾದ ಕಾರಣ ಯಾವುದೆಂಬುದು ತಿಳಿಯದೆ ಉಳಿಯುತ್ತದೆ.

ಈ ಕ್ರಮಗಳಿಗೆ ಬೆಲೆಯೂ ಇದೆ. ಪ್ರಿವ್ಯೂ ನಿಲ್ಲಿಸಿದರೆ ಸೂತ್ರದ ಅಂತಿಮ ರೂಪ ತಕ್ಷಣ ಕಾಣದು. ಸಂಖ್ಯೆಗಳನ್ನು ಮುಂದೂಡಿದರೆ ಸ್ವಲ್ಪ ಹೊತ್ತು ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಆದ್ದರಿಂದ ಪ್ರಬಂಧವನ್ನು ಒಪ್ಪಿಸುವ ಮುನ್ನ ಪೂರ್ತಿ ಕಡತವನ್ನು ಒಮ್ಮೆ ಸಂಸ್ಕರಿಸಿ, ಸಮೀಕರಣಗಳನ್ನೂ ಉಲ್ಲೇಖಗಳನ್ನೂ ಪಿಡಿಎಫ್‌ನಲ್ಲಿ ಓದಿ ನೋಡುವುದು ಕಡ್ಡಾಯ. ಆ ಕೆಲಸಕ್ಕೆ ಒಂದು ನಿಮಿಷ ಕಾದರೂ ತೊಂದರೆಯಿಲ್ಲ. ಕಾಯಿಸಬಾರದಾದದ್ದು ಬೆರಳ ತುದಿಯಲ್ಲಿರುವ ಅಕ್ಷರವನ್ನು ಮಾತ್ರ.